ಪೈಪು ಗಟ್ಟಿ, ಬೋಲ್ಟು ಪೊಳ್ಳು: ಹಿಮಾಲಯನ್ 411ಕ್ಕೆ ಹಾಕಿಸಿದ ಸ್ಯಾಡಲ್ ಸ್ಟೇ, ಹಲವು ಮಳೆಗಾಲಗಳ ನಂತರ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು. ಪೈಪಿಗೆ ನಾಲ್ಕೂವರೆ, ಅದರ ಜೊತೆ ಬಂದ ನಟ್ಟು ಬೋಲ್ಟಿನ ಪೊಟ್ಟಣಕ್ಕೆ ಒಂದು. ಸರಾಸರಿ ತೆಗೆದರೆ ಮೂರರ ಹತ್ತಿರ ಬರುತ್ತದೆ.

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಿಎಸ್6 ಮಾಡೆಲ್. ಸ್ಯಾಡಲ್ ಸ್ಟೇ ಅಂದರೆ ಬ್ಯಾಗೋ ಬಾಕ್ಸೋ ಹಾಕಲು ಗಾಡಿಯ ಹಿಂದೆ ಎರಡೂ ಪಕ್ಕ ಕೂರಿಸುವ ಪೈಪಿನ ಚೌಕಟ್ಟು. ನನ್ನದು ಗಾಡಿ ಕಂಪನಿಯದ್ದಲ್ಲ, ಹೊರಗಿನದ್ದು. 2021ರಲ್ಲಿ ಆನ್‌ಲೈನಿನಲ್ಲಿ ತರಿಸಿದ್ದು. ಮಾಡಿದವರ ಹೆಸರು ಬರೆಯುತ್ತಿಲ್ಲ. ಗೆಳೆಯರ ಗಾಡಿಗಳಲ್ಲಿ ಬೇರೆಯವರು ಮಾಡಿದ ಸ್ಟೇಗಳನ್ನೂ ನೋಡಿದ್ದೇನೆ, ಬೋಲ್ಟಿನ ಪೊಟ್ಟಣ ಅಲ್ಲೂ ಇದೇ ಥರ ಇತ್ತು. ಒಬ್ಬರನ್ನೇ ಬೈದು ಪ್ರಯೋಜನವಿಲ್ಲ.

ಪೈಪು 19 ಮಿ.ಮೀ., 14 ಗೇಜ್. ಅಂದರೆ ಗೋಡೆ ಹೆಚ್ಚುಕಡಿಮೆ 2 ಮಿ.ಮೀ. ದಪ್ಪ. 16 ಗೇಜಿನ ಸ್ಟೇಗಳು ಸ್ವಲ್ಪ ಅಗ್ಗಕ್ಕೆ ಸಿಗುತ್ತವೆ, ಅವುಗಳ ಗೋಡೆ 1.6 ಮಿ.ಮೀ. ಅರ್ಧ ಮಿಲಿಮೀಟರೂ ಇಲ್ಲದ ಆ ವ್ಯತ್ಯಾಸಕ್ಕೆ ಕೊಟ್ಟ ದುಡ್ಡು ದಂಡವಾಗಲಿಲ್ಲ. ಗಾಡಿ ಒಮ್ಮೆ ನಿಂತಲ್ಲೇ ಬಲಕ್ಕೆ ಬಿದ್ದಾಗ ಪೈಪು ತರಚಿತೇ ಹೊರತು ಬಗ್ಗಲಿಲ್ಲ. ಕಪ್ಪು ಪೌಡರ್ ಕೋಟಿಂಗ್ ಕೂಡ ಚೆನ್ನಾಗಿ ಬಾಳಿದೆ. ಆ ಕೋಟಿಂಗೇ ಒಂದು ತಲೆನೋವು ತಂದಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಮೊದಲು ಬಟ್ಟೆಯ ಬ್ಯಾಗ್ ಹಾಕುತ್ತಿದ್ದೆ. ಸೀಟಿನ ಮೇಲಿಂದ ಎರಡೂ ಕಡೆ ಇಳಿಬೀಳುವ ಥರದ್ದು. ಆಗ ಒಂದು ತೊಂದರೆಯೂ ಇರಲಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ಅಂಥ ಬ್ಯಾಗಿನ ಭಾರ ಹೊರುವುದು ಸೀಟು. ಬ್ಯಾಗು ಚಕ್ರಕ್ಕೋ ಸೈಲೆನ್ಸರಿಗೋ ತಾಗದಂತೆ ತಡೆಯುವುದಷ್ಟೇ ಸ್ಟೇಯ ಕೆಲಸ. ಅಲ್ಯೂಮಿನಿಯಂ ಬಾಕ್ಸ್ ನೇತುಹಾಕಿದ ಮೇಲೆ ಕಥೆಯೇ ಬೇರೆ, ಪೂರ್ತಿ ಭಾರ ಸ್ಟೇ ಮೇಲೆ. ಜಾಹೀರಾತಿನಲ್ಲಿ ‘ಬ್ಯಾಗಿಗೂ ಆಗುತ್ತೆ, ಬಾಕ್ಸಿಗೂ ಆಗುತ್ತೆ, ಪಕ್ಕಕ್ಕೆ 15 ಕೆಜಿ’ ಎಂದಿತ್ತು. ಆ 15ರಲ್ಲಿ ಬಾಕ್ಸಿನ ತೂಕ ಸೇರಿದೆಯೋ ಇಲ್ಲವೋ ಎಲ್ಲೂ ಬರೆದಿರಲಿಲ್ಲ. ನನ್ನ ಬಾಕ್ಸ್ ಮುಚ್ಚಳ ಸಮೇತ ಖಾಲಿಯೇ 5 ಕೆಜಿ ಹತ್ತಿರ ತೂಗುತ್ತದೆ.

ಮೊದಲು ಕಾಣಿಸಿದ್ದು ಸದ್ದು. ಹಂಪು ಇಳಿದಾಗ ಬಲಗಡೆಯಿಂದ ಒಂದು ‘ಟಕ್’. ಕೆಳಗಿನ ಬೋಲ್ಟು ಲೂಸು. ಬಿಗಿದರೆ ವಾರ ಸುಮ್ಮನಿರುತ್ತದೆ, ಮತ್ತೆ ಶುರು. ಸ್ಟೇ ಮಾಡಿದ ಕಂಪನಿಗೆ ವಾಟ್ಸಾಪ್ ಮಾಡಿದೆ. ‘ಸ್ಪ್ರಿಂಗ್ ವಾಷರ್ ಹಾಕಿ ಸಾರ್, ಸರಿಹೋಗುತ್ತೆ’ ಎಂದರು. ಸರಿಹೋಗುವುದಿಲ್ಲ. ಬಿಗಿದ ಕೂಡಲೇ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗುತ್ತದೆ, ಅಲ್ಲಿಂದ ಮುಂದೆ ಅದು ಬರೀ ವಾಷರ್. ಬೋಲ್ಟು ಬಿಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಜೋಡಿಸಿದ ಎರಡು ತುಂಡುಗಳು ಅಡ್ಡಡ್ಡ ಜರುಗುವುದು ಎಂದು ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ಯಂತ್ರ ಇಟ್ಟು ತೋರಿಸಿದ್ದಾನೆ. ಆ ಥರದ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ನಿಲ್ಲುವುದಿಲ್ಲ. ನಮ್ಮ ಹಾರ್ಡ್‌ವೇರ್ ಅಂಗಡಿಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಬೋಲ್ಟು ನಿಜಕ್ಕೂ ತಿರುಗುತ್ತಿದೆಯೋ ಇಲ್ಲವೋ ನೋಡಬೇಕು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಸ್ಟೇ ಮೇಲಕ್ಕೆ ಬಿಳಿ ಪೇಂಟಿನಲ್ಲೋ ನೇಲ್ ಪಾಲಿಶಿನಲ್ಲೋ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಲೂಸಾದಾಗ ಗೆರೆ ಎರಡು ತುಂಡಾಗಿ ಅತ್ತಿತ್ತ ಸರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ನನ್ನ ಗಾಡಿಯಲ್ಲಿ ಗೆರೆ ಹಾಗೇ ನೆಟ್ಟಗಿತ್ತು, ಆದರೂ ಕೈಯಲ್ಲಿ ಅಲ್ಲಾಡಿಸಿದರೆ ಸ್ಟೇ ಅಲ್ಲಾಡುತ್ತಿತ್ತು. ಬೋಲ್ಟು ಒಂದಿಂಚೂ ತಿರುಗಿಲ್ಲ, ಹಿಡಿತ ಮಾತ್ರ ಹೋಗಿದೆ.

ಇಲ್ಲೇ ಬಂತು ಪೌಡರ್ ಕೋಟಿಂಗ್ ವಿಷಯ. ಬೋಲ್ಟು ಬಿಗಿದಾಗ ಅದು ತುಸು ಹಿಗ್ಗುತ್ತದೆ. ಆ ಹಿಗ್ಗೇ ಎರಡು ತುಂಡನ್ನು ಒತ್ತಿ ಹಿಡಿಯುವುದು. ಗಿಡ್ಡ ಬೋಲ್ಟಿನಲ್ಲಿ ಆ ಹಿಗ್ಗು ಎಷ್ಟು ಗೊತ್ತಾ? ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಭಾಗ. ಪೌಡರ್ ಕೋಟಿಂಗ್ ಒಂದೊಂದು ಪದರವೂ ಅದಕ್ಕಿಂತ ದಪ್ಪ ಇರುತ್ತದೆ. ಬೋಲ್ಟಿನ ತಲೆಯ ಕೆಳಗೆ ಒಂದು ಪದರ, ಸ್ಟೇಯ ಹಿಂಬದಿಗೆ ಇನ್ನೊಂದು, ಫ್ರೇಮಿಗೂ ಸ್ಟೇಗೂ ನಡುವೆ ಕೂರುವ ಸ್ಪೇಸರ್ ಕೊಳವೆಯ ಮೇಲೆ ಮತ್ತೊಂದು. ಬಿಸಿಲಿಗೆ, ಸೈಲೆನ್ಸರ್ ಶಾಖಕ್ಕೆ, ಗಾಡಿಯ ನಡುಕಕ್ಕೆ ಆ ಬಣ್ಣ ಸ್ವಲ್ಪ ಅಮುಕಿಕೊಂಡರೆ ಸಾಕು, ಬೋಲ್ಟಿನ ಹಿಗ್ಗು ಪೂರ್ತಿ ಮಾಯ. ಇದಕ್ಕೆ ಲಾಕ್‌ಟೈಟ್ (ಥ್ರೆಡ್ಡಿಗೆ ಹಾಕುವ ಅಂಟು) ಹಾಕಿದರೂ ಉಪಯೋಗವಿಲ್ಲ. ಅದು ಬೋಲ್ಟು ತಿರುಗದಂತೆ ತಡೆಯುತ್ತದೆ ಅಷ್ಟೇ, ಹೋದ ಹಿಡಿತವನ್ನು ವಾಪಸ್ ತರುವುದಿಲ್ಲ.

ಬೋಲ್ಟು ಕೂರುವ ಜಾಗದಲ್ಲಿ, ವಾಷರ್ ಅಗಲಕ್ಕೆ ಸರಿಯಾಗಿ, ಎರಡೂ ಬದಿಯ ಬಣ್ಣವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಕಬ್ಬಿಣ ಕಾಣುವಂತೆ ಮಾಡಿದೆ. ತುಕ್ಕು ಹಿಡಿಯದಿರಲಿ ಎಂದು ತೆಳ್ಳಗೆ ಗ್ರೀಸ್ ಸವರಿ ಬಿಗಿದು, ಅಂಚಿಗೆ ಟಚಪ್ ಪೇಂಟ್ ಕೊಟ್ಟೆ. ಥ್ರೆಡ್ಡಿಗೆ ಮಾತ್ರ ಗ್ರೀಸ್ ತಾಗಿಸಬೇಡಿ. ಅಲ್ಲಿ ಎಣ್ಣೆ ಪಸೆ ಒರೆಸಿ ನೀಲಿ ಲಾಕ್‌ಟೈಟ್ 243 ಒಂದು ಹನಿ. ಕೆಂಪು ಬೇಡ, ಬಿಚ್ಚಬೇಕಾದಾಗ ಬೆಂಕಿ ಹಿಡಿಯಬೇಕಾಗುತ್ತದೆ. ಆ ಜಾಯಿಂಟು ಅವತ್ತಿನಿಂದ ಇವತ್ತಿನವರೆಗೂ ಕದಲಿಲ್ಲ.

ಎಡಗಡೆ ಬೇಗ ಸರಿಹೋಯಿತು. ಬಲಗಡೆಯ ಮೇಲಿನ ಬೋಲ್ಟು ಮುರಿಯಿತು.

ಬಲಗಡೆಯೇ ಏಕೆ? ಹಿಮಾಲಯನ್ 411ರ ಸೈಲೆನ್ಸರ್ ಬಲಗಡೆ, ಅದೂ ಮೇಲಕ್ಕೆ ಎತ್ತಿಕೊಂಡಿದೆ. ಅದನ್ನು ತಪ್ಪಿಸಲು ಸ್ಟೇ ಹೊರಕ್ಕೆ ಚಾಚಬೇಕು. ಅದಕ್ಕೆ ಫ್ರೇಮಿಗೂ ಸ್ಟೇಗೂ ನಡುವೆ 40 ಮಿ.ಮೀ. ಸ್ಪೇಸರ್ ಕೊಟ್ಟಿದ್ದಾರೆ, ಹೆಬ್ಬೆರಳಿಗಿಂತ ತೆಳ್ಳಗಿನ ಕೊಳವೆ. ಬೋಲ್ಟಿನ ಕೆಲಸ ಒತ್ತಿ ಹಿಡಿಯುವುದು. ಇಷ್ಟುದ್ದ ಸಪೂರ ಸ್ಪೇಸರ್ ಇಟ್ಟರೆ ಬೋಲ್ಟು ತೊಲೆಯ ಕೆಲಸಕ್ಕೆ ಬೀಳುತ್ತದೆ. ಪ್ರತಿ ಹಂಪಿಗೂ ಬಾಕ್ಸು ಕೆಳಕ್ಕೆ ಜಗ್ಗುತ್ತದೆ, ಬೋಲ್ಟು ಒಂದು ಚೂರು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಒಂದು ದಿನ ನೆಟ್ಟಗಾಗುವುದಿಲ್ಲ.

ಅದು ಆಗಿದ್ದು ಚಾರ್ಮಾಡಿ ಹತ್ತುವಾಗ. ಬಾಕ್ಸ್ ಬಿಚ್ಚಿ ಹಿಂದಿನ ಸೀಟಿಗೆ ಬಿಗಿದೆ. ಸ್ಟೇಯನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಹಿಂದಿನ ಕ್ಯಾರಿಯರಿಗೆ ಎಳೆದು ಕಟ್ಟಿ, ಕೊಟ್ಟಿಗೆಹಾರ ದಾಟಿ ಮೂಡಿಗೆರೆಯಲ್ಲಿ ಒಂದು ಗ್ಯಾರೇಜ್ ಹುಡುಕಿದೆ. ಅಲ್ಲಿದ್ದ ಮೆಕ್ಯಾನಿಕ್‌ಗೆ ಅರವತ್ತರ ಮೇಲೆ ವಯಸ್ಸು. ಫ್ರೇಮಿನೊಳಗೆ ಉಳಿದ ತುಂಡಿನ ಮೇಲೆ ಟಾರ್ಚ್ ಬಿಟ್ಟು ನೋಡಿದರು. “ಇದು ಇವತ್ತು ಮುರಿದಿದ್ದಲ್ಲ ಸಾರ್. ಬಹಳ ದಿನದಿಂದ ಮುರೀತಾ ಇತ್ತು” ಎಂದರು.

ಮುರಿದ ಮುಖ ನೋಡಿದರೆ ಅವರು ಹೇಳಿದ್ದು ಏನೆಂದು ಗೊತ್ತಾಗುತ್ತದೆ. ಮುಕ್ಕಾಲು ಭಾಗ ನುಣ್ಣಗೆ, ಕಪ್ಪು ಕಂದು ಬಣ್ಣ, ಮೇಲೆ ಒಂದರ ಹಿಂದೊಂದು ಬಾಗಿದ ತೆಳು ಗೆರೆಗಳು. ಇನ್ನುಳಿದ ಕಾಲು ಭಾಗ ಒರಟು, ಬೂದು, ಹೊಸದಾಗಿ ಹೊಳೆಯುತ್ತಿತ್ತು. ನುಣ್ಣಗಿರುವಷ್ಟು ಭಾಗ ನಿಧಾನವಾಗಿ ಬಿರಿದದ್ದು, ಒರಟು ಭಾಗ ಕೊನೆಗೆ ಒಮ್ಮೆಗೇ ಹರಿದದ್ದು. ಬೋಲ್ಟು ಮುರಿದರೆ ಎಸೆಯಬೇಡಿ, ಆ ಮುಖ ನೋಡಿ. ಪೂರ್ತಿ ಒರಟಾಗಿದ್ದರೆ ಒಂದೇ ಏಟಿಗೆ ಮುರಿದಿದೆ, ಭಾರ ಜಾಸ್ತಿಯಾಗಿದೆ ಇಲ್ಲವೇ ಬೋಲ್ಟು ಕಳಪೆ. ನುಣುಪು ಜಾಸ್ತಿ ಇದ್ದರೆ ಜೋಡಣೆಯಲ್ಲೇ ಐಬು. ಅಲ್ಲಿಗೆ ಇನ್ನೂ ಗಟ್ಟಿ ಬೋಲ್ಟು ತಂದು ಹಾಕಿದರೂ ಸ್ವಲ್ಪ ತಡವಾಗಿ ಮುರಿಯುತ್ತದೆ ಅಷ್ಟೇ.

ಒಳಗಿನ ತುಂಡು ತೆಗೆಯುವುದು ಕಷ್ಟ ಎಂದುಕೊಂಡಿದ್ದೆ. ಅವರು ಚೂಪು ಪಂಚ್ ಇಟ್ಟು ಅಂಚಿಗೆ ಮೆಲ್ಲಗೆ ತಟ್ಟುತ್ತಾ ಎಡಕ್ಕೆ ತಿರುಗಿಸಿ ತೆಗೆದೇಬಿಟ್ಟರು. ಹೀಗೆ ನಿಧಾನವಾಗಿ ಬಿರಿದು ಮುರಿದ ಬೋಲ್ಟಿನ ಹಿಡಿತ ಮೊದಲೇ ಹೋಗಿರುವುದರಿಂದ ಎಷ್ಟೋ ಸಲ ತುಂಡು ಸುಲಭವಾಗಿ ಬರುತ್ತದಂತೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಮಾತ್ರ ಅದರ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸಬೇಕು.

ಕಂಪನಿಯವರಿಗೆ ಫೋಟೋ ಕಳಿಸಿದೆ. ಮರುಮಾತಿಲ್ಲದೆ ಹೊಸ ಬೋಲ್ಟಿನ ಪೊಟ್ಟಣ ಉಚಿತವಾಗಿ ಬಂತು. ಅದಕ್ಕೆ ಥ್ಯಾಂಕ್ಸ್. ಆದರೆ ಒಳಗಿದ್ದದ್ದು ಅವೇ ಬೋಲ್ಟು, ತಲೆಯ ಮೇಲೆ ಒಂದು ಅಂಕಿಯೂ ಇಲ್ಲ. ಒಳ್ಳೆ ಬೋಲ್ಟಿನ ತಲೆಯ ಮೇಲೆ 8.8 ಅಂತಲೋ 10.9 ಅಂತಲೋ ಇರಬೇಕು. 8.8ರಲ್ಲಿ ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದ ತನಕ ತುಂಡಾಗದು. ಚುಕ್ಕಿಯ ನಂತರದ 8 ಎಂದರೆ ಅದರ ನೂರಕ್ಕೆ 80, ಅಂದರೆ 640ರ ತನಕ ಎಳೆದು ಬಿಟ್ಟರೂ ಮೊದಲಿನ ಉದ್ದಕ್ಕೇ ಬರುತ್ತದೆ. ಸ್ಟೀಲ್ ಬೋಲ್ಟು ಹೊಳೆಯುತ್ತದೆ ಅಂತ ಅದನ್ನೇ ಹಾಕಿಸುವವರಿದ್ದಾರೆ. ಮಾಮೂಲಿ ಸ್ಟೇನ್‌ಲೆಸ್ ಎ2-70 ಬೋಲ್ಟಿಗೆ ಈ ಎರಡು ಅಂಕಿ 700 ಮತ್ತು 450. ನಂಬರ್ ಪ್ಲೇಟಿಗೆ ಸಾಕು, ಬಾಕ್ಸ್ ಹೊರುವ ಜಾಗಕ್ಕೆ ಬೇಡ.

ಬೆಂಗಳೂರಿಗೆ ಬಂದು ಎಸ್‌ಜೆಪಿ ರಸ್ತೆಯಲ್ಲಿ 8.8ರ ಎಂ8 (ಅಂದರೆ 8 ಮಿ.ಮೀ. ದಪ್ಪದ) ಬೋಲ್ಟು ತೆಗೆದುಕೊಂಡೆ, ತುದಿಯ ಕಡೆಗಷ್ಟೇ ಥ್ರೆಡ್ ಇರುವ ಹಾಫ್ ಥ್ರೆಡ್‌ನದ್ದು. ಫುಲ್ ಥ್ರೆಡ್ ಬೋಲ್ಟಿನಲ್ಲಿ ಬಾಗುವ ಜಾಗಕ್ಕೇ ಥ್ರೆಡ್ಡಿನ ಕಚ್ಚು ಬರುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಲೇತ್‌ನಲ್ಲಿ 25 ಮಿ.ಮೀ. ವ್ಯಾಸದ ಒಂದೇ ತುಂಡಿನ ಸ್ಪೇಸರ್ ಮಾಡಿಸಿದೆ. ಮುಖ ಅಗಲವಾದಷ್ಟೂ ಬೋಲ್ಟಿನ ಮೇಲೆ ಬಾಗುವ ಒತ್ತಡ ಕಡಿಮೆ. ವಾಷರ್ ಮೇಲೆ ವಾಷರ್ ಪೇರಿಸಿ ಸ್ಪೇಸರ್ ಮಾಡುವುದಂತೂ ಬೇಡವೇ ಬೇಡ. ಬಿಗಿಯುವ ಟಾರ್ಕ್ (ತಿರುಚುವ ಬಲ) 8.8ರ ಎಂ8ಕ್ಕೆ 25 ನ್ಯೂಟನ್ ಮೀಟರ್ ಸುಮಾರು, ಎಂ6ಕ್ಕೆ 10. ಗಾಡಿಯ ಪುಸ್ತಕದಲ್ಲಿ ಆ ಜಾಗಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಒಂದು ಪಟ್ಟಿ. ನಂಬರ್ ಪ್ಲೇಟಿನ ಹಿಂದೆ ಎಡ ಸ್ಟೇಯಿಂದ ಬಲ ಸ್ಟೇಗೆ 25ಕ್ಕೆ 5 ಮಿ.ಮೀ. ಕಬ್ಬಿಣದ ಪಟ್ಟಿ ಹೊಡೆಸಿದೆ. ಮೊದಲು ಎರಡೂ ತಮ್ಮ ಪಾಡಿಗೆ ಕುಣಿಯುತ್ತಿದ್ದವು, ಈಗ ಒಂದನ್ನೊಂದು ಹಿಡಿದುಕೊಂಡಿವೆ. ಈ ಪಟ್ಟಿ ಇಲ್ಲದ ಸ್ಟೇಯನ್ನು ಬಾಕ್ಸಿಗೆ ಎಂದು ಮಾರುವುದೇ ತಪ್ಪು, ನನ್ನ ಪ್ರಕಾರ.

ಪೈಪೂ ಒಂದು ಕಡೆ ಬಿರಿಯಿತು, ಚಪ್ಪಟೆ ಮಾಡಿ ತೂತು ಕೊರೆದ ತುದಿಯ ಹತ್ತಿರ. ಮಳೆಯಲ್ಲಿ ಬಂದ ಮರುದಿನ ನೋಡಿದರೆ ಬಣ್ಣದ ಮೇಲೆ ಒಂದು ಸಣ್ಣ ಗೆರೆ, ಅದರ ಕೆಳಗೆ ಕಾಫಿ ಡಿಕಾಕ್ಷನ್ ಇಳಿದಂತೆ ಕಂದು ಕಲೆ. ಬಣ್ಣ ಮಾತ್ರ ಬಿರಿದಿದೆಯೋ ಕಬ್ಬಿಣವೂ ಬಿರಿದಿದೆಯೋ ತಿಳಿಯಲು ಹಳೇ ಉಪಾಯ ಒಂದಿದೆ. ಬಣ್ಣ ಕೆರೆದು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಕುಳಿತ ಎಣ್ಣೆ ಪುಡಿಗೆ ಹೀರಿಕೊಂಡು ಗೆರೆಯಾಗಿ ಮೂಡುತ್ತದೆ. ನನ್ನದರಲ್ಲಿ ಮೂಡಿತು.

ಗ್ರಿಲ್ ಅಂಗಡಿಯವರು “ಎರಡು ನಿಮಿಷ ಅಣ್ಣಾ, ಗಾಡಿ ಮೇಲೇ ಹೊಡೀತೀನಿ” ಎಂದರು. ನಾನು ಒಪ್ಪಲಿಲ್ಲ. ಫ್ಯೂಯಲ್ ಇಂಜೆಕ್ಷನ್ ಗಾಡಿಗೆ ಬ್ಯಾಟರಿ ವೈರು ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರು) ಸುಟ್ಟರೂ ಸುಟ್ಟೀತು. ಸ್ಟೇ ಬಿಚ್ಚಿ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ವೆಲ್ಡಿಂಗ್ ಇರುವ ಕಡೆ ಕೊಟ್ಟೆ. ಬಿರುಕಿನ ತುದಿಗೆ 3 ಮಿ.ಮೀ. ತೂತು ಕೊರೆದರು, ಅದು ಬಿರುಕು ಮುಂದೆ ಓಡದಂತೆ ತಡೆಯುತ್ತದೆ. ಬಿರುಕನ್ನು ಗ್ರೈಂಡ್ ಮಾಡಿ ತುಂಬಿ, ಮೂಲೆಗೆ ತ್ರಿಕೋನದ ತಗಡು ಕೂರಿಸಿದರು. ಸುಮ್ನೆ ಮೇಲಿಂದ ವೆಲ್ಡ್ ಎಳೆದರೆ ಬಿರುಕು ಪಕ್ಕದಲ್ಲೇ ಮತ್ತೆ ಏಳುತ್ತದೆ.

ರಬ್ಬರ್ ವಿಷಯ ಸ್ವಲ್ಪ. ಬಾಕ್ಸಿಗೂ ಪೈಪಿಗೂ ನಡುವೆ ರಬ್ಬರ್ ಇರಲಿ, ಕಟಕಟ ನಿಲ್ಲುತ್ತದೆ. ಫ್ರೇಮಿಗೂ ಸ್ಟೇಗೂ ನಡುವೆ ಹಾಕಬೇಡಿ. ಪೌಡರ್ ಕೋಟಿಂಗ್ ಮಾಡಿದ ಕೆಲಸವನ್ನೇ ಅದು ಹತ್ತು ಪಟ್ಟು ಮಾಡುತ್ತದೆ. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು ಒಳ್ಳೆಯದೇ, ಆದರೆ ಸೈಲೆನ್ಸರ್ ಪಕ್ಕದಲ್ಲಿ ನೈಲಾನ್ ಮೆತ್ತಗಾಗುತ್ತದೆ. ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು ಹಾಕಿ. ಕರಾವಳಿಯಲ್ಲಿ ಓಡಾಡುವವರು ಬಾಕ್ಸಿನ ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟು ತಾಗುವ ಕಡೆ ಅಲ್ಯೂಮಿನಿಯಂ ಕೊರೆತದ ಗುರುತಾದ ಬಿಳಿ ಪುಡಿ ಕಟ್ಟುತ್ತಿದೆಯಾ ಆಗಾಗ ನೋಡಿಕೊಳ್ಳಬೇಕು.

ಈಗ ನಾನು ಬಾಕ್ಸ್ ಸಮೇತ ಪಕ್ಕಕ್ಕೆ 10 ಕೆಜಿ ದಾಟಿಸುವುದಿಲ್ಲ, ಜಾಹೀರಾತು ಏನೇ ಹೇಳಲಿ. ಹಂಪಿನ ಮೇಲೆ ಹಾರಿ ಇಳಿದಾಗ ಆ 10 ಕೆಜಿಯ ಹೊಡೆತ ಅದರ ಎಷ್ಟೋ ಪಟ್ಟಾಗುತ್ತದೆ. ಬಾಕ್ಸಿನ ಹೊರಮುಖಕ್ಕೆ 5 ಲೀಟರ್ ಪೆಟ್ರೋಲ್ ಕ್ಯಾನ್ ಸಿಕ್ಕಿಸುವ ಫ್ಯಾಷನ್ ಒಂದಿದೆ. ಪೆಟ್ರೋಲೇ ಮೂರೂವರೆ ಕೆಜಿಗಿಂತ ಮೇಲೆ, ಅದೂ ಬೋಲ್ಟಿನಿಂದ ಅತಿ ದೂರದಲ್ಲಿ. ಭಾರದ್ದೆಲ್ಲ ಒಳಮಗ್ಗುಲಿಗೆ, ಮುಂದಕ್ಕೆ ಇರಲಿ.

ಕೊಳ್ಳಬಹುದಾ? ಬಟ್ಟೆ ಬ್ಯಾಗಿಗಾದರೆ ಕಣ್ಣು ಮುಚ್ಚಿ ಕೊಳ್ಳಿ. ಬಾಕ್ಸಿಗಾದರೆ ಬೋಲ್ಟು, ಸ್ಪೇಸರ್, ಅಡ್ಡಪಟ್ಟಿ, ಲೇತ್ ಕೂಲಿ ಎಲ್ಲಕ್ಕೂ ಬೇರೆ ದುಡ್ಡು ಎತ್ತಿಟ್ಟುಕೊಂಡು ಕೊಳ್ಳಿ. ಅಡ್ಡಪಟ್ಟಿ ಸಮೇತ ಬರುವ ರ‍್ಯಾಕ್ ಅದೇ ಬೆಲೆಗೆ ಸಿಕ್ಕರೆ ಅದೇ ವಾಸಿ. ಸೆಕೆಂಡ್ ಹ್ಯಾಂಡ್ ಸ್ಟೇ ನೋಡಲು ಹೋದರೆ ಪೈಪಿನ ಹೊಳಪು ನೋಡಬೇಡಿ, ತೂತು ನೋಡಿ. ತೂತು ದುಂಡಗಿಲ್ಲದೆ ಉದ್ದವಾಗಿ ಎಳೆದುಕೊಂಡಿದ್ದರೆ ಅದು ಲೂಸು ಬೋಲ್ಟಿನಲ್ಲೇ ಬಹಳ ದೂರ ಓಡಿದೆ, ಅಲ್ಲೇ ಬಿಟ್ಟು ಬನ್ನಿ.