ಬೆನ್ನಿನ ಇಂಜೆಕ್ಷನ್‌ಗೆ ಮುಂಚಿನ ಉಪವಾಸ: ಡೇಕೇರ್ ಸೂಚನಾ ಚೀಟಿಯ ವಿಮರ್ಶೆ

ಸೊಂಟ ನೋವು, ಸಿಯಾಟಿಕಾಗೆ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್ (ಬೆನ್ನುಹುರಿಯ ಹೊದಿಕೆಯ ಹೊರಗೆ ಕೊಡುವ, ಊತ ಇಳಿಸುವ ಔಷಧಿ) ಕೊಟ್ಟು ಅದೇ ದಿನ ಮನೆಗೆ ಕಳಿಸುವ ಡೇಕೇರ್‌ಗಳ ಬಗ್ಗೆ ಬರೆಯುವವರು ಡಾಕ್ಟರ ಕೈಗುಣ, ಬಿಲ್ಲು, ಕಾಯಿಸಿದ ಹೊತ್ತು ಇಷ್ಟನ್ನು ಹೇಳುತ್ತಾರೆ. ಹಿಂದಿನ ದಿನ ವಾಟ್ಸಾಪ್‌ಗೆ ಬರುವ ಸೂಚನಾ ಚೀಟಿಯ ಗುಣ ಯಾರೂ ನೋಡುವುದಿಲ್ಲ. ‘ರಾತ್ರಿ 10ರ ಮೇಲೆ ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ’ ಎಂಬ ಒಂದೇ ಸಾಲನ್ನು ಎಲ್ಲರಿಗೂ ಕಳಿಸುವ ಸೇವೆಗೆ ನಾವು ಒಳ್ಳೆಯ ಅಂಕ ಕೊಡುವುದಿಲ್ಲ.

ಉಪವಾಸ ಬೇಕಾಗುವುದು ಸೂಜಿಗಲ್ಲ, ಮಂಪರಿನ ಔಷಧಿಗೆ. ಮಿಡಾಜೋಲಮ್, ಫೆಂಟನಿಲ್, ಪ್ರೊಪೊಫಾಲ್ ಕೊಟ್ಟಾಗ ಗಂಟಲಿನ ರಕ್ಷಣಾ ಪ್ರತಿಕ್ರಿಯೆ ಸಡಿಲವಾಗುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದರೆ ಸೊಂಟದ ಇಂಜೆಕ್ಷನ್‌ಗಳಲ್ಲಿ ಬಹುಪಾಲು ಚರ್ಮವನ್ನು ಮರಗಟ್ಟಿಸುವ ಲಿಗ್ನೊಕೇನ್ ಮಾತ್ರ ಕೊಟ್ಟು, ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತಾ ಮುಗಿಸುವಂಥವು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಸೂಜಿ ನರಕ್ಕೆ ತಗುಲಿದರೆ ‘ಕಾಲಿಗೆ ಕರೆಂಟ್ ಹೊಡೆದ ಹಾಗಾಯ್ತು’ ಎಂದು ಅವರೇ ಹೇಳಬೇಕು. ಸುರಕ್ಷತೆಗೆ ಆ ಮಾತು ಬಹಳ ಮುಖ್ಯ. ಇಂಥವರಿಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಬೋರಲು ಮಲಗಬೇಕಾದ್ದರಿಂದ ಹೊಟ್ಟೆ ಬಿರಿಯ ತಿನ್ನದೆ ಎರಡು ಇಡ್ಲಿ ತಿಂದು ಬಂದರೆ ಸಾಕು.

ಒಳ್ಳೆಯ ಚೀಟಿ ಮೊದಲು ‘ನಿಮಗೆ ಮಂಪರು ಕೊಡುತ್ತೇವೆ’ ಅಥವಾ ‘ಕೊಡುವುದಿಲ್ಲ’ ಎಂದು ಬರೆಯುತ್ತದೆ. ಕೊಡುವುದಾದರೆ ಗಂಟೆಗಳನ್ನು ಬಿಡಿಸಿ ಹೇಳುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪ್ರಕಾರ ಮಂಪರಿಗೆ ಮುಂಚೆ ಬಿಡಬೇಕಾದ ಅಂತರ ತಿಳಿ ದ್ರವಕ್ಕೆ 2 ಗಂಟೆ, ಹಗುರ ಊಟಕ್ಕೆ 6 ಗಂಟೆ, ಕರಿದದ್ದು ಅಥವಾ ಮಾಂಸಕ್ಕೆ 8 ಗಂಟೆ ಅಥವಾ ಹೆಚ್ಚು. ನಮ್ಮ ಅಡುಗೆಮನೆಗೆ ಇದನ್ನು ಇಳಿಸದ ಚೀಟಿ ಅರ್ಧ ಕೆಲಸ ಮಾಡಿದಂತೆ. ನೀರು, ಹಾಲಿಲ್ಲದ ಕಪ್ಪು ಕಾಫಿ, ಗಂಜಿಯಿಲ್ಲದ ಎಳನೀರು ತಿಳಿ ದ್ರವ. ಫಿಲ್ಟರ್ ಕಾಫಿಯಲ್ಲಿ ಹಾಲಿದೆ, ಅದಕ್ಕೆ 6 ಗಂಟೆ. ಮಜ್ಜಿಗೆ, ರಾಗಿ ಅಂಬಲಿಯೂ ತಿಳಿ ದ್ರವವಲ್ಲ. ಪೂರಿ, ವಡೆ 8 ಗಂಟೆಯ ಪಟ್ಟಿಗೆ ಸೇರುತ್ತವೆ. ‘ಬರೀ ಒಂದು ಲೋಟ ಕಾಫಿ’ ಎಂಬ ಕಾರಣಕ್ಕೇ ಕೇಸುಗಳು ಮುಂದೆ ಹೋಗುವುದುಂಟು.

ಒಂದೇ ಸಾಲಿನ ಚೀಟಿ ಅತಿ ಹೆಚ್ಚು ಹಾನಿ ಮಾಡುವುದು ಸಕ್ಕರೆ ಕಾಯಿಲೆಯವರಿಗೆ. ಊಟ ಬಿಟ್ಟು ಗ್ಲಿಮೆಪಿರೈಡ್ ಮಾತ್ರೆ ನುಂಗಿ ಬಂದರೆ ಸಕ್ಕರೆ ಕುಸಿದು, ಬೆವರಿ, ಮೇಜಿನ ಮೇಲೇ ಕಣ್ಣು ಕತ್ತಲಿಡಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಉದ್ದ ಉಪವಾಸ ಮಾಡಿದರೆ, ಸಕ್ಕರೆ ಹೆಚ್ಚು ಕಾಣದೆಯೇ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯದ ಸ್ಥಿತಿ) ಆಗಬಹುದು. ಇನ್ಸುಲಿನ್ ಪ್ರಮಾಣವನ್ನು ಸ್ವಂತ ಲೆಕ್ಕದಲ್ಲಿ ಬಿಡಬಾರದು, ಡಾಕ್ಟರನ್ನು ಕೇಳಿಯೇ ಕಡಿಮೆ ಮಾಡಬೇಕು. ಮಂಪರು ಬೇಕಾದ ಸಕ್ಕರೆ ರೋಗಿಗೆ ಬೆಳಗಿನ ಮೊದಲ ಸರದಿ ಕೊಡುವ ಸೇವೆಗೆ ಇದೆಲ್ಲ ಗೊತ್ತಿದೆ ಎಂದರ್ಥ. ಇಂಜೆಕ್ಷನ್ ಆದ ಮೇಲೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ ಎಂಬ ಮಾತೂ ಚೀಟಿಯಲ್ಲಿರಬೇಕು. ಸಕ್ಕರೆ, ತೂಕ ಇಳಿಸುವ ಸೆಮಾಗ್ಲುಟೈಡ್ ಹಾಕಿಕೊಳ್ಳುವವರಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಆದ್ದರಿಂದ ಮಂಪರು ಕೊಡುವವರಿಗೆ ಅದನ್ನು ಮೊದಲೇ ಹೇಳಿ.

‘ಖಾಲಿ ಹೊಟ್ಟೆ’ ಎಂದು ಓದಿದವರು ಬಿ.ಪಿ. ಮಾತ್ರೆಯನ್ನೂ ಬಿಡುತ್ತಾರೆ. ಬಹುಪಾಲು ಬಿ.ಪಿ. ಮಾತ್ರೆಗಳನ್ನು ಒಂದು ಗುಟುಕು ನೀರಲ್ಲಿ ನುಂಗಬಹುದು. ಯಾವುದನ್ನು ಬಿಡಬೇಕು ಎಂಬುದನ್ನು ಹೆಸರಿಟ್ಟು ಬರೆಸಿಕೊಳ್ಳಿ. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್, ವಾರ್ಫರಿನ್ ವಿಷಯ ಬೇರೆಯೇ. ಅವನ್ನು ದಿನಗಳ ಮುಂಚೆ ನಿಲ್ಲಿಸಬೇಕಾಗಬಹುದು, ಅದೂ ಹೃದಯದ ಡಾಕ್ಟರ ಒಪ್ಪಿಗೆ ಮೇಲೆ ಮಾತ್ರ.

ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: ಮಂಪರು ಇದೆಯೇ, ಇದ್ದರೆ ಅದನ್ನು ನೋಡಿಕೊಳ್ಳಲು ಅರಿವಳಿಕೆ ಡಾಕ್ಟರು ಇರುತ್ತಾರೆಯೇ, ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು. ನೀರಿಗೂ ‘ರಾತ್ರಿಯಿಂದಲೇ ಬೇಡ’ ಎಂದು ಉತ್ತರ ಬಂದರೆ ಡಾಕ್ಟರ ಹತ್ತಿರವೇ ಖಚಿತ ಮಾಡಿಕೊಳ್ಳಿ. ಬಾಯಾರಿ ಬಂದವರಿಗೆ ರಕ್ತನಾಳ ಸಿಗುವುದು ಕಷ್ಟ, ತಲೆ ಸುತ್ತಿ ಬೀಳುವ ಸಾಧ್ಯತೆಯೂ ಹೆಚ್ಚು. ಮರೆತು ತಿಂಡಿ ತಿಂದಿದ್ದರೆ ಮುಚ್ಚಿಡದೆ ರಿಸೆಪ್ಷನ್‌ನಲ್ಲೇ ಹೇಳಿ. ಕೆಲವು ಗಂಟೆ ಮುಂದಕ್ಕೆ ಹಾಕುತ್ತಾರೆ, ಇಲ್ಲವೇ ಮಂಪರಿಲ್ಲದೆ ಬರೀ ಲಿಗ್ನೊಕೇನ್‌ನಲ್ಲಿ ಮಾಡುತ್ತಾರೆ.