ಫೆರೆಟ್ ಕವಚದ ಗಾಡಿ: ಎಂಜಿನ್ ಆಮೇಲೆ, ಮೊದಲು ಟೈರು

ಫೆರೆಟ್ ಅನ್ನುವ ಬ್ರಿಟನ್ನಿನ ಹಳೆಯ ಮಿಲಿಟರಿ ಬೇಹು ಗಾಡಿಯನ್ನು ಕೊಳ್ಳುವ ಆಸೆ ಇರುವವರು ಮೊದಲು ಕೇಳುವುದು ಎಂಜಿನ್ ಹೇಗಿದೆ ಅಂತ. ಆಮೇಲೆ ತುಕ್ಕಿನ ವಿಚಾರ. ಟೈರಿನ ಬಗ್ಗೆ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ವರ್ಷಗಟ್ಟಲೆ ಈ ಗಾಡಿಯನ್ನು ಬಿಚ್ಚಿ, ಜೋಡಿಸಿ, ಓಡಿಸಿದ ಮೇಲೆ ನಾನು ಹೇಳುವುದು ಇಷ್ಟೇ: ಎಂಜಿನ್ ಕೆಟ್ಟು ನಿಂತಿದ್ದರೂ ಪರವಾಗಿಲ್ಲ, ನಾಲ್ಕು ಟೈರು ನಾಲ್ಕು ಥರ ಇರುವ ಫೆರೆಟ್ ಬೇಡ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಈ ಗಾಡಿಯನ್ನು ಸ್ವಲ್ಪ ಹೊಗಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ.

ಕವಚದ ದಪ್ಪ, ಗರಿಷ್ಠ ವೇಗ, ಇವೆಲ್ಲ ನೀವು ಈಗಾಗಲೇ ಓದಿಕೊಂಡೇ ಬಂದಿರುತ್ತೀರಿ. ಕೊಳ್ಳುವವರಿಗೆ ಬೇಕಾದ ಅಂಕಿ ಬೇರೆಯೇ ಇದೆ. ಬ್ರಿಟನ್ನಿನ ಡೈಮ್ಲರ್ ಕಂಪನಿ 1952ರಿಂದ 1971ರವರೆಗೆ 4,409 ಫೆರೆಟ್‌ಗಳನ್ನು ಮಾಡಿತು. ಅವು ಹಲವು ದೇಶಗಳ ಸೈನ್ಯದಲ್ಲಿ ದುಡಿದವು. ಹಾಗಾಗಿ ಹಳೆಯ ಕವಚದ ಗಾಡಿಗಳಲ್ಲಿ ಇದು ಇವತ್ತಿಗೂ ಹುಡುಕಿದರೆ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಒಳಗಿರುವುದು ರೋಲ್ಸ್ ರಾಯ್ಸ್ ಬಿ60, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇದರ ತಮ್ಮ ನಾಲ್ಕು ಸಿಲಿಂಡರಿನ ಬಿ40, ಅಣ್ಣ ಎಂಟು ಸಿಲಿಂಡರಿನ ಬಿ80. ಮೂರಕ್ಕೂ ಹೊಂದುವ ಭಾಗಗಳು ಬಹಳ ಇವೆ. ಎಂಜಿನ್ ಕೆಟ್ಟರೆ ಹೆದರಬೇಕಿಲ್ಲ ಅಂದಿದ್ದು ಅದಕ್ಕೇ.

ನನ್ನದು ಮಾರ್ಕ್ 2, ಮೇಲೆ ಟರೆಟ್, ಅಂದರೆ ಬಂದೂಕು ಕೂರಿಸುವ ತಿರುಗುವ ಗೋಪುರ, ಇರುವ ಮಾದರಿ. ಟರೆಟ್ ನೋಡಿ ಮಕ್ಕಳು ಓಡಿ ಬರುತ್ತಾರೆ. ನಾನು ಮರುಳಾಗಿದ್ದು ಮಾತ್ರ ಗೇರ್‌ಬಾಕ್ಸಿಗೆ.

ಈ ಗಾಡಿಗೆ ಕ್ಲಚ್ ಇಲ್ಲ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಫ್ಲುಯಿಡ್ ಫ್ಲೈವೀಲ್ ಇದೆ. ಅದರ ಜೊತೆಗೆ ಪ್ರಿಸೆಲೆಕ್ಟರ್ ಗೇರ್‌ಬಾಕ್ಸ್. ಮುಂದೆ ಬೇಕಾಗುವ ಗೇರನ್ನು ಲಿವರಿನಲ್ಲಿ ಮೊದಲೇ ಆರಿಸಿಡಬೇಕು. ಆರಿಸಿದ ತಕ್ಷಣ ಏನೂ ಆಗುವುದಿಲ್ಲ. ಏರು ಶುರುವಾದಾಗ ಎಡಗಾಲಿನ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟರೆ ಸಾಕು, ಗೇರು ಬಿದ್ದಿರುತ್ತದೆ. ಕೈ ಆಗಲೇ ಸ್ಟಿಯರಿಂಗ್ ಮೇಲಿರುತ್ತದೆ. ದಾರಿಯನ್ನು ಒಂದು ಹೆಜ್ಜೆ ಮುಂಚೆ ಓದುವ ಅಭ್ಯಾಸ ತಾನಾಗಿಯೇ ಬರುತ್ತದೆ. ಮುಂದೆ ತಗ್ಗು ಕಂಡಿತು, ಎರಡಕ್ಕೆ ಇಟ್ಟೆ. ತಗ್ಗು ಬಂತು, ಒತ್ತಿದೆ. ಇಷ್ಟೇ. ಈ ಗೇರ್‌ಬಾಕ್ಸಿನ ಕಲ್ಪನೆ ವಾಲ್ಟರ್ ವಿಲ್ಸನ್ ಅವರದು. ಮೊದಲ ಮಹಾಯುದ್ಧದಲ್ಲಿ ಮೊಟ್ಟಮೊದಲ ಟ್ಯಾಂಕುಗಳನ್ನು ರೂಪಿಸಿದ ಇಬ್ಬರಲ್ಲಿ ಅವರೂ ಒಬ್ಬರು. ಇದೇ ಜಾತಿಯ ಗೇರ್‌ಬಾಕ್ಸು ಲಂಡನ್ನಿನ ಹಳೆಯ ಡಬಲ್ ಡೆಕ್ಕರ್ ಬಸ್ಸುಗಳಲ್ಲೂ ಇತ್ತು.

ಒಂದು ಎಚ್ಚರಿಕೆ. ಆ ಪೆಡಲನ್ನು ಅರ್ಧ ಒತ್ತಿ ಬಿಡಬಾರದು. ಗೇರ್‌ಬಾಕ್ಸಿನೊಳಗೆ ಗೇರನ್ನು ಬಿಗಿಹಿಡಿಯುವ ಪಟ್ಟಿಗಳು, ಅಂದರೆ ಬ್ಯಾಂಡುಗಳು, ಸವೆದಿದ್ದರೆ, ಅಥವಾ ನೀವು ಅಳುಕುತ್ತಾ ಒತ್ತಿದರೆ, ಪೆಡಲ್ ವಾಪಸ್ ಬಂದು ಕಾಲಿಗೆ ಒದೆಯುತ್ತದೆ. ಆ ಒದೆ ನೆನಪಿನಲ್ಲಿ ಉಳಿಯುವಂಥದ್ದು. ಗಾಡಿ ನೋಡಲು ಹೋದಾಗ ನೀವೇ ಕೂತು ಐದೂ ಗೇರು ಹಾಕಿ ನೋಡಿ. ಒದ್ದರೆ ಹೊಂದಾಣಿಕೆ ಬೇಕು ಅಂತ ಅರ್ಥ. ಹೊಂದಿಸಿದರೂ ಒದೆಯುತ್ತಿದ್ದರೆ ಬ್ಯಾಂಡು ಮುಗಿದಿದೆ. ಆಗ ಎಂಜಿನ್ ಕೆಳಗಿಳಿಸದೆ ದಾರಿಯಿಲ್ಲ.

ರಿವರ್ಸ್ ಇನ್ನೊಂದು ಮಜಾ. ಹಿಂದೆ ಹೋಗಲು ಬೇರೆ ಲಿವರ್ ಇದೆ, ಅದನ್ನು ಎಳೆದರೆ ಐದೂ ಗೇರು ಹಿಂದಕ್ಕೂ ಸಿಗುತ್ತವೆ. ಶತ್ರು ಎದುರಾದರೆ ತಿರುಗಿಸುತ್ತಾ ಕೂರದೆ ಬಂದ ದಾರಿಯಲ್ಲೇ ಓಡಿಹೋಗಲಿ ಅಂತ ಮಾಡಿದ್ದು. ಹಿಂದೆ ಏನಿದೆ ಅಂತ ಚಾಲಕನಿಗೆ ಕಾಣುವುದಿಲ್ಲ, ಅದು ಬೇರೆ ಮಾತು. ಟರೆಟ್ಟಿನಲ್ಲಿ ನಿಂತು ದಾರಿ ಹೇಳಲು ಒಬ್ಬರು ಬೇಕೇ ಬೇಕು. ಹೆಂಡತಿಯೋ ಗಂಡನೋ ಅಷ್ಟು ತಾಳ್ಮೆಯವರಾಗಿದ್ದರೆ ನೀವು ಪುಣ್ಯವಂತರು.

ಓಡಿಸುವ ದಿನದ ಬೆಳಗಿನ ಕೆಲಸಗಳು ನನಗೆ ಓಡಿಸುವಷ್ಟೇ ಇಷ್ಟ. ಮೊದಲು ಹಿಂದಿನ ಮುಚ್ಚಳಗಳನ್ನೆಲ್ಲ ತೆಗೆದು ಮೂಗು ಒಳಗಿಟ್ಟು ವಾಸನೆ ನೋಡುತ್ತೇನೆ. ಉಕ್ಕಿನ ಪೆಟ್ಟಿಗೆಯೊಳಗೆ ಪೆಟ್ರೋಲ್ ಆವಿ ತುಂಬಿದ್ದರೆ ಬ್ಯಾಟರಿ ಸ್ವಿಚ್ಚಿನ ಒಂದು ಕಿಡಿ ಸಾಕು. ವಾಸನೆ ಇಲ್ಲದಿದ್ದರೆ ಎಣ್ಣೆ, ನೀರು, ಬ್ರೇಕ್ ಆಯಿಲ್ ನೋಡುತ್ತೇನೆ. ಆಮೇಲೆ ಸ್ವಿಚ್, ಚೋಕ್, ಸ್ಟಾರ್ಟರ್. ಎಣ್ಣೆಯ ಒತ್ತಡದ ಮುಳ್ಳು ಏಳುವವರೆಗೆ ಕೈ ಕಟ್ಟಿ ಕೂರುತ್ತೇನೆ. ಸ್ಟಿಯರಿಂಗ್ ಚಕ್ರ ಮಾಮೂಲಿಗಿಂತ ಉಲ್ಟಾ ಓರೆ, ಮೇಲಿನ ಅಂಚು ಎದೆಯ ಕಡೆಗೆ ಬಾಗಿರುತ್ತದೆ. ಮೊದಲ ವಾರ ಇದೇನಪ್ಪಾ ಅನಿಸುತ್ತದೆ. ಈಗ ಮಾಮೂಲಿ ಕಾರಿನ ಸ್ಟಿಯರಿಂಗೇ ನನಗೆ ವಿಚಿತ್ರ. ವಾಪಸ್ ಬಂದು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹಬ್ ಮೇಲೆ ಅಂಗೈಯ ಹಿಂಬದಿ ಇಟ್ಟು ಬಿಸಿ ನೋಡುತ್ತೇನೆ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲೇನೋ ಎಡವಟ್ಟಾಗಿದೆ. ಬ್ರೇಕ್ ಹಿಡಿದುಕೊಂಡಿರಬೇಕು, ಇಲ್ಲವೇ ಎಣ್ಣೆ ಸೋರಿರಬೇಕು.

ಹೊಗಳಿಕೆ ಇಲ್ಲಿಗೆ ಸಾಕು.

ಫೆರೆಟ್ಟಿನ ನಡುವೆ ಒಂದೇ ಡಿಫರೆನ್ಷಿಯಲ್ ಇದೆ, ಅಂದರೆ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ. ಅದು ಬಲವನ್ನು ಎಡಕ್ಕೆ, ಬಲಕ್ಕೆ ಹಂಚುತ್ತದೆ. ಅಲ್ಲಿಂದ ಒಂದೊಂದು ಚಕ್ರಕ್ಕೂ ಒಂದೊಂದು ಶಾಫ್ಟ್, ಮೂಲೆಯಲ್ಲಿ ಬಲವನ್ನು ಚಕ್ರದ ಕಡೆಗೆ ತಿರುಗಿಸುವ ಗೇರು ಪೆಟ್ಟಿಗೆ, ಅಂದರೆ ಬೆವೆಲ್ ಬಾಕ್ಸ್, ಒಂದೊಂದು. ಹೀಗೆ ಮಾಡಿದ್ದರಿಂದಲೇ ಗಾಡಿ ಇಷ್ಟು ಕುಳ್ಳಗೆ, ಕಣ್ಣಿಗೆ ಬೀಳದ ಹಾಗೆ ಇದೆ. ಎರಡನೇ ಮಹಾಯುದ್ಧದಲ್ಲಿ ಇದೇ ಕಂಪನಿಯ ಡಿಂಗೊ ಗಾಡಿಯಲ್ಲೂ ಇದೇ ಏರ್ಪಾಟಿತ್ತು. ಬೇಹಿಗೆ ಹೋಗುವ ಗಾಡಿಗೆ ಹೇಳಿ ಮಾಡಿಸಿದ್ದು, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಏನೆಂದರೆ, ಒಂದು ಬದಿಯ ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ, ಅಲ್ವಾ? ಮಣ್ಣಿನ ಮೇಲಾದರೆ ಟೈರು ಚೂರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರುವುದಿಲ್ಲ. ಆಗ ಆ ವ್ಯತ್ಯಾಸ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಮೊದಲು ಗಾಡಿ ಬ್ರೇಕ್ ಹಿಡಿದಂತೆ ಎಳೆಯುತ್ತದೆ. ಆಮೇಲೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಅದನ್ನೂ ಲೆಕ್ಕಿಸದೆ ಓಡಿಸಿದರೆ ಬೆವೆಲ್ ಬಾಕ್ಸಿನ ಹಲ್ಲೋ ಹಬ್ಬಿನೊಳಗಿನ ಜಾಯಿಂಟೋ ಮುರಿದು ಬೀಳುತ್ತದೆ.

ಈಗ ಟೈರಿನ ಸುತ್ತಳತೆ ನಾಲ್ಕಕ್ಕೂ ಬೇರೆ ಬೇರೆ ಇದ್ದರೆ? ತಿರುವೇ ಬೇಕಿಲ್ಲ. ನೇರ ದಾರಿಯಲ್ಲೇ ಸುತ್ತು ಸುತ್ತಿಗೂ ತಿರುಚುತ್ತಾ ಹೋಗುತ್ತದೆ. ನನಗೆ ಗಾಡಿ ಮಾರಿದವರು ಹೆಮ್ಮೆಯಿಂದ ತೋರಿಸಿದ್ದು ಮುಂದಿನ ಎರಡು ಹೊಚ್ಚ ಹೊಸ ಟೈರು. ಹಿಂದಿನವು ಬೋಳು. ‘ಕೊಳ್ಳುವವರಿಗೆ ಅನುಕೂಲ ಆಗಲಿ ಅಂತ ಹಾಕಿಸಿದೆ’ ಅಂದರು. ಆ ಅನುಕೂಲಕ್ಕೆ ಒಂದು ಬೆವೆಲ್ ಬಾಕ್ಸ್ ಬಲಿಯಾಯಿತು. ಸೈನ್ಯದ ದುರಸ್ತಿ ಕೈಪಿಡಿಯನ್ನು ಜೊತೆಗೇ ಕೊಟ್ಟಿದ್ದರು, ಅದನ್ನು ಒಂದು ಪುಟವಾದರೂ ಅವರೇ ಓದಬಹುದಿತ್ತು. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

ಈಗ ನಾನು ಡಾಂಬರಿನ ಮೇಲೆ ಹೋದಾಗ ಆಗಾಗ ಎರಡು ಚಕ್ರವನ್ನು ಪಕ್ಕದ ಮಣ್ಣಿಗಿಳಿಸುತ್ತೇನೆ. ಒಂದು ಸಣ್ಣ ಕುಲುಕು, ಗಾಡಿ ಮತ್ತೆ ಹಗುರ. ಮನೆಯಲ್ಲಿ ಜಾಕ್ ಹಾಕುವಾಗ ಹುಷಾರು. ತಿರುಚಿಕೊಂಡಿದ್ದರೆ ಚಕ್ರ ನೆಲ ಬಿಟ್ಟ ಕೂಡಲೇ ತಾನಾಗಿಯೇ ಗಿರ್ರನೆ ತಿರುಗುತ್ತದೆ, ಬೆರಳು ಅಲ್ಲಿರಬಾರದು. ಟೈರುಗಳನ್ನು ಟೇಪಿನಲ್ಲಿ ಅಳೆದು ಜೋಡಿ ಮಾಡುತ್ತೇನೆ, ಸ್ಥಾನ ಬದಲಿಸುತ್ತಾ ಒಂದೇ ಸಮ ಸವೆಸುತ್ತೇನೆ. ಬೇಕಾದರೆ ನಾಲ್ಕನ್ನೂ ಒಟ್ಟಿಗೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಕೊಳ್ಳುವುದೇ ಇಲ್ಲ. ಟೈರು ನೀವೇ ಬಿಚ್ಚುವವರಾದರೆ ಒಂದು ಮಾತು: ರಿಮ್ಮು ಎರಡು ಹೋಳು, ಬೋಲ್ಟು ಹಾಕಿ ಸೇರಿಸಿದ್ದು. ಗಾಳಿ ಪೂರ್ತಿ ತೆಗೆಯದೆ ಆ ನಟ್ಟುಗಳನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ.

ದುರಸ್ತಿಯ ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ಕವಚದ ಉಕ್ಕಿಗೆ ಹತ್ತಿದ ತುಕ್ಕು ಬರೀ ಮೇಲ್ಮೈಯದು, ಉಜ್ಜಿದರೆ ಹೋಗುತ್ತದೆ. ಕೊಳೆಯುವುದು ತೆಳು ತಗಡಿನ ಪೆಟ್ಟಿಗೆಗಳು ಮತ್ತು ಮಡ್‌ಗಾರ್ಡುಗಳು, ಅವನ್ನು ಹೊಸದಾಗಿ ಮಾಡಿಸಬಹುದು. ಹಳೆಯ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದು ಕೆಲಸ ಮಾಡಿ, ಒಣ ಧೂಳು ಊದಬೇಡಿ. ಕತ್ತಲಲ್ಲಿ ಹೊಳೆಯುವ ಹಳೆಯ ಮಿಲಿಟರಿ ಮೀಟರುಗಳಲ್ಲಿ ರೇಡಿಯಂ ಬಣ್ಣ ಇರಬಹುದು, ಗಾಜು ಬಿಚ್ಚಿ ಕೆರೆಯಬೇಡಿ. ಎಥನಾಲ್ ಬೆರೆಸಿದ ಇವತ್ತಿನ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಪೈಪುಗಳನ್ನೆಲ್ಲ ಬದಲಿಸಿ. ಟರೆಟ್ಟಿನಲ್ಲಿ ಬಂದೂಕು ಇದ್ದರೆ ಅದು ಕಾನೂನಿನ ಪ್ರಕಾರ ನಿಷ್ಕ್ರಿಯ ಮಾಡಿದ್ದು ಅನ್ನುವ ಕಾಗದ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಗಾಡಿಯ ತೂಕ ನಾಲ್ಕು ಟನ್ ದಾಟುತ್ತದೆ. ಮೂರೂವರೆ ಟನ್ ಮೀರಿದರೆ ಬೇರೆ ಲೈಸೆನ್ಸ್ ಕೇಳುವ ದೇಶಗಳು ಹಲವಿವೆ, ನಿಮ್ಮ ಕಡೆಯ ನಿಯಮ ಮೊದಲೇ ನೋಡಿಕೊಳ್ಳಿ.

ಖರ್ಚಿನ ವಿಷಯದಲ್ಲಿ ನಾನು ಜಿಪುಣ, ಹಾಗಾಗಿ ನನ್ನ ಲೆಕ್ಕ ನಿಮಗೆ ಒಗ್ಗದಿರಬಹುದು. ಲೀಟರಿಗೆ ಮೂರು ಕಿಲೋಮೀಟರ್ ಸಿಕ್ಕರೆ ಹೆಚ್ಚು. ಅದು ನನಗೆ ನೋವಿನ ವಿಷಯವಲ್ಲ, ಎಷ್ಟೆಂದರೂ ತಿಂಗಳಿಗೆ ಒಂದೋ ಎರಡೋ ಸಲ ಹೊರಗೆ ತೆಗೆಯುವ ಗಾಡಿ. ನೋವು ಅಂದರೆ ಗ್ಯಾರೇಜು. ಬಿಚ್ಚಿದ ಪ್ರತಿ ಭಾಗವೂ ಇಬ್ಬರು ಎತ್ತುವಷ್ಟು ಭಾರ. ಎಂಜಿನ್ ಎತ್ತಲು ಸರಿಯಾದ ಹಾಯ್ಸ್ಟ್, ಕೆಳಗೆ ಗಟ್ಟಿ ಕಾಂಕ್ರೀಟ್ ನೆಲ, ತಲೆಯ ಮೇಲೆ ಸೂರು, ಈ ಮೂರೂ ಇಲ್ಲದಿದ್ದರೆ ದುರಸ್ತಿ ಮಾಡಿಟ್ಟ ಗಾಡಿಗೇ ಜಾಸ್ತಿ ಕೊಟ್ಟು ಕೊಳ್ಳುವುದು ಕೊನೆಗೆ ಅಗ್ಗ.

ಮನೆಯಿಂದ ಹೊರಟರೆ ಬರೀ ಡಾಂಬರು, ವರ್ಷಕ್ಕೊಂದು ಮೆರವಣಿಗೆಗೆ ಬೇಕು ಅನ್ನುವವರಾದರೆ ಫೆರೆಟ್ ಬೇಡ. ಅದೇ ಹಣಕ್ಕೆ ಕವಚವಿಲ್ಲದ ಹಳೆಯ ಮಿಲಿಟರಿ ಜೀಪೋ ಟ್ರಕ್ಕೋ ಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಹತ್ತಿರದಲ್ಲಿ ಮಣ್ಣಿನ ದಾರಿ, ಹೊಲದ ಬದು, ಗುಡ್ಡದ ಜಾಡು ಇದ್ದರೆ ಮಾತೇ ಬೇರೆ. ಅಲ್ಲಿ ನಾನು ಹೇಳಿದ ಅರ್ಧ ದೂರು ಲೆಕ್ಕಕ್ಕೇ ಬರುವುದಿಲ್ಲ.

ಡಾಂಬರಿನ ಮೇಲೆ ಐದಕ್ಕೆ ಎರಡೂವರೆ ಕೊಡುತ್ತೇನೆ, ಮಣ್ಣಿನ ಮೇಲೆ ನಾಲ್ಕೂವರೆ. ಉಳಿದ ಅರ್ಧ ಕೊಡದಿರುವುದು ಆ ಪೆಡಲಿನ ಒದೆಗೆ. ಎರಡನೇ ಗೇರಿನ ಬ್ಯಾಂಡು ಮತ್ತೆ ಸಡಿಲವಾಗಿದೆ, ಈ ಸಲ ಎಂಜಿನ್ ಇಳಿಸಲೇಬೇಕು. ಹಾಯ್ಸ್ಟ್ ಬಾಡಿಗೆಗೆ ಕೊಡುವವರು ಮುಂದಿನ ವಾರ ಅಂದಿದ್ದಾರೆ.