ಕಂಪ್ರೆಷನ್ ನಂಬರ್ ಕಮ್ಮಿ ಬಂತು ಅಂತ ಎಂಜಿನ್ ಬಿಚ್ಚಿಸಬೇಡಿ, ನನಗೆ 82,000 ಹೋಯಿತು

ಮಾಡಿಫೈ ಮಾಡಿದ ಗಾಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಕಂಪ್ರೆಷನ್ ನಂಬರ್ ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರ್ ಒಳಗಿನ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತದೆ ಅನ್ನುವ ಅಳತೆ. ಗ್ಯಾರೇಜಿನ ಹೆಸರು ಹಾಕುವುದಿಲ್ಲ, ಕೇಳಬೇಡಿ. ಇದೇ ತಪ್ಪನ್ನು ಆಮೇಲೆ ಇನ್ನೆರಡು ಕಡೆಯೂ ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2004ರ ಮಾರುತಿ ಎಸ್ಟೀಮ್. 1298 ಸಿಸಿ, 16 ವಾಲ್ವ್, ಜಿಪ್ಸಿಯಲ್ಲಿ ಬರುತ್ತಿದ್ದ ಅದೇ ಜಿ13ಬಿಬಿ ಎಂಜಿನ್. ಹಿಂದಿನ ಓನರ್ ಕ್ಯಾಮ್ (ವಾಲ್ವ್ ತೆರೆಸಿ ಮುಚ್ಚಿಸುವ ಶಾಫ್ಟ್) ಬದಲಿಸಿದ್ದರು, ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ) ಸ್ವಲ್ಪ ಫೇಸ್ ಹೊಡೆಸಿದ್ದರು, ಅಂದರೆ ಅದರ ಅಡಿಯನ್ನು ತೆಳ್ಳಗೆ ಸವರಿಸಿದ್ದರು, ಎಕ್ಸಾಸ್ಟ್ ಬೇರೆ ಹಾಕಿಸಿದ್ದರು. ಎರಡು ವರ್ಷ ಹಾಸನದಿಂದ ಎಲ್ಲೆಲ್ಲೋ ಓಡಿಸಿದೆ, ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಶಿರಾಡಿ ಘಾಟಿ ಏರುವಾಗ ಪಿಕಪ್ ಬೀಳೋಕೆ ಶುರುವಾಯಿತು. ಮೂರನೇ ಗೇರಲ್ಲಿ ಪೂರ್ತಿ ಒತ್ತಿದರೂ ಮುಕ್ಕುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ.

ಬೆಂಗಳೂರಲ್ಲಿ ಇಂಥ ಗಾಡಿಗಳನ್ನೇ ನೋಡುತ್ತಾರೆ ಅಂತ ಒಬ್ಬರು ಹೇಳಿದ ಗ್ಯಾರೇಜಿಗೆ ಹೋದೆ. ಹಿಂದಿನ ರಾತ್ರಿಯೇ ಗಾಡಿ ಬಿಟ್ಟಿದ್ದೆ. ಬೆಳಿಗ್ಗೆ ಬಂದ ಹುಡುಗ ಒಂದೊಂದೇ ಪ್ಲಗ್ ಬಿಚ್ಚಿ, ರಬ್ಬರ್ ಮೂತಿಯ ಗೇಜನ್ನು ಕೈಯಲ್ಲೇ ಒತ್ತಿ ಹಿಡಿದುಕೊಂಡ. ಇನ್ನೊಬ್ಬ ಒಳಗೆ ಕೂತು ಸೆಲ್ಫ್ ಹೊಡೆದ. ನಾನು ಪಕ್ಕದಲ್ಲಿ ನಿಂತು ಫೋನಲ್ಲಿ ವಿಡಿಯೋ ಮಾಡುತ್ತಿದ್ದೆ, ಸುಮ್ನೆ ನೆನಪಿಗಿರಲಿ ಅಂತ. ನಂಬರ್ ಬಂದಿದ್ದು 138, 142, 139, 141 ಪಿಎಸ್‌ಐ (ಒತ್ತಡದ ಅಳತೆ).

ಅವರು ಕಂಪನಿ ಮ್ಯಾನುಯಲ್ ತೆಗೆದು ತೋರಿಸಿದರು. ಸರಿ ಇರುವ ಎಂಜಿನ್‌ಗೆ 199, ಕಡೇ ಮಿತಿ 170, ಸಿಲಿಂಡರ್‌ನಿಂದ ಸಿಲಿಂಡರ್‌ಗೆ 14ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. "ನಾಲ್ಕೂ ಮಿತಿಗಿಂತ ಕೆಳಗಿದೆ ಸಾರ್, ರಿಂಗ್ ಹೋಗಿದೆ, ಎಂಜಿನ್ ಕೆಲಸ ಮಾಡಿಸಲೇಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಗಾಳಿ ಸೋರದ ಹಾಗೆ ತಡೆಯುವ ಬಳೆ. ಪುಸ್ತಕದಲ್ಲೇ ಇದೆಯಲ್ಲ ಅಂತ ನಾನೂ ಒಪ್ಪಿಕೊಂಡೆ.

ಹೆಡ್ ಇಳಿಸಿದ ದಿನ ಹೋಗಿದ್ದೆ. ಇದೊಂದು ದೃಶ್ಯ ಮಾತ್ರ ಮರೆಯೋಕಾಗಲ್ಲ. ಪಿಸ್ಟನ್ ಕೆಳಗೆ ಇಳಿಸಿ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ತೂತು) ಒಳಗೆ ಟಾರ್ಚ್ ಬಿಟ್ಟರೆ ಗೋಡೆಯ ಮೇಲೆ ಹೋನಿಂಗ್ ಗೆರೆಗಳು, ಒಂದರ ಮೇಲೊಂದು ಓರೆಯಾಗಿ ಹಾದುಹೋದ ಸಣ್ಣ ಗೀಟುಗಳು, ಮೇಲಿಂದ ಕೆಳಗಿನವರೆಗೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬೋರಿನ ಮೇಲಂಚಿನಲ್ಲಿ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಸವೆದ ಬೋರಿನಲ್ಲಿ ಆ ಗೆರೆಗಳು ಅಳಿಸಿಹೋಗಿ, ಮೇಲಂಚಿನಲ್ಲಿ ಒಂದು ಮೆಟ್ಟಿಲು ಸಿಗುತ್ತದೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಲ್ಲೇ ನಿಲ್ಲಿಸಬಹುದಿತ್ತು. ಲೇತಿಗೆ ಕಳಿಸಿ 0.50 ಮಿಮೀ ಬೋರ್ ಹೊಡೆಸಿ (ತೂತು ಅಷ್ಟು ಅಗಲ ಮಾಡಿಸಿ), ಓವರ್‌ಸೈಜ್ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದರು. ಮೂರು ವಾರ, 82,000 ರೂಪಾಯಿ.

ಡೆಲಿವರಿ ದಿನ ಅದೇ ಹುಡುಗ ಅದೇ ಗೇಜಲ್ಲಿ ಮತ್ತೆ ಟೆಸ್ಟ್ ಮಾಡಿದ. 140, 144, 141, 143. "ರಿಂಗ್ ಸೆಟ್ ಆಗಬೇಕು ಸಾರ್, 1000 ಕಿಲೋಮೀಟರ್ ಓಡಿಸಿ" ಅಂದರು. 1200 ಓಡಿಸಿದೆ. ಘಾಟಿಯಲ್ಲಿ ಅದೇ ಮುಕ್ಕು.

ಕಡೆಗೆ ನಮ್ಮೂರಲ್ಲೇ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ವಯಸ್ಸು ಅರವತ್ತು ದಾಟಿದೆ. ಗಾಡಿ ಮುಟ್ಟುವ ಮೊದಲು ನನ್ನ ಫೋನಲ್ಲಿದ್ದ ವಿಡಿಯೋ ಎರಡು ಸಲ ನೋಡಿದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಬರೀ ಶಬ್ದ ಕೇಳಿದರು. "ಸೆಲ್ಫ್ ಎಷ್ಟು ನಿಧಾನ ತಿರುಗ್ತಿದೆ ನೋಡಿ, ಬ್ಯಾಟರಿ ಸೋತಿದೆ. ಒಳಗೆ ಕೂತವನು ಆಕ್ಸಿಲರೇಟರ್ ಒತ್ತೇ ಇಲ್ಲ. ಎಂಜಿನ್ ಬೇರೆ ತಣ್ಣಗಿದೆ" ಅಂದರು.

ಆಮೇಲೆ ನನ್ನ ಮುಂದೆಯೇ ಒಂದೇ ದಿನ ಎರಡು ರೀತಿ ಮಾಡಿ ತೋರಿಸಿದರು. ಮೊದಲು ವಿಡಿಯೋದಲ್ಲಿ ಇದ್ದ ಹಾಗೇ, ತಣ್ಣಗಿನ ಎಂಜಿನ್, ಥ್ರಾಟಲ್ ಮುಚ್ಚಿ (ಆಕ್ಸಿಲರೇಟರ್ ಒತ್ತದೆ), ಒಂದು ಪ್ಲಗ್ ಮಾತ್ರ ಬಿಚ್ಚಿ, ನನ್ನ ಹಳೇ ಬ್ಯಾಟರಿಯಲ್ಲೇ. 143 ಬಂತು. ನಂತರ ರೇಡಿಯೇಟರ್ ಫ್ಯಾನ್ ಎರಡು ಸಲ ಬರುವವರೆಗೆ ಎಂಜಿನ್ ಬಿಸಿ ಮಾಡಿ, ಇಗ್ನಿಷನ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಿತ್ತು, ನಾಲ್ಕೂ ಪ್ಲಗ್ ತೆಗೆದು, ತುಂಬಿದ ಬ್ಯಾಟರಿ ಜೋಡಿಸಿ, ಥ್ರೆಡ್ಡಿಗೆ ತಿರುಗಿಸಿ ಕೂರಿಸುವ ಗೇಜ್ ಹಾಕಿ, ನನ್ನನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿಸಿ, ಪ್ರತಿ ಸಿಲಿಂಡರ್‌ಗೂ ಎಣಿಸಿ ಅಷ್ಟೇ ಸುತ್ತು ಹೊಡೆಸಿದರು. 166, 169, 168, 165. ಎಂಜಿನ್ ಅದೇ, ದಿನ ಅದೇ. ಇಪ್ಪತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬರೀ ಅಳೆಯುವ ರೀತಿಯಿಂದ.

ಆದರೂ 170 ದಾಟಲಿಲ್ಲವಲ್ಲ ಅಂತ ನಾನು ಕೇಳಿದೆ. ಇಲ್ಲೇ ಮಾಡಿಫೈ ಗಾಡಿಯವರು ಗಮನ ಕೊಡಬೇಕು. ಕ್ಯಾಮ್ ದೊಡ್ಡದು ಹಾಕಿದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರೋಕೆ ಶುರು ಮಾಡಿದ ಮೇಲೂ ವಾಲ್ವ್ ತೆರೆದೇ ಇರುತ್ತದೆ. 5000 ಆರ್‌ಪಿಎಂನಲ್ಲಿ ಗಾಳಿ ರಭಸದಿಂದ ನುಗ್ಗುತ್ತಿರುವುದರಿಂದ ಒಳಗೇ ಉಳಿಯುತ್ತದೆ, ಸೆಲ್ಫ್ ತಿರುಗುವ ನಿಧಾನದಲ್ಲಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಾಗಾಗಿ ಗೇಜಿನಲ್ಲಿ ನಂಬರ್ ಕಮ್ಮಿ, ರಸ್ತೆಯಲ್ಲಿ ಪವರ್ ಜಾಸ್ತಿ. ಫೇಸ್ ಹೊಡೆಸಿದ ಹೆಡ್ ಅದರ ಉಲ್ಟಾ, ಒಳಗಿನ ಜಾಗ ಕಮ್ಮಿ ಮಾಡಿ ನಂಬರನ್ನು ಮೇಲೆ ಎತ್ತುತ್ತದೆ. ಎರಡೂ ಇರುವ ಎಂಜಿನ್‌ಗೆ ಕಂಪನಿ ಪುಸ್ತಕದ ನಂಬರ್ ಹೇಗೆ ಹೊಂದುತ್ತದೆ ಹೇಳಿ? ಜೊತೆಗೆ ಹಾಸನ, ಬೆಂಗಳೂರು ಎರಡೂ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿವೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ, ಗೇಜ್ ಕೂಡ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ ತೋರಿಸುತ್ತದೆ. ಮಾಡಿಫೈ ಮಾಡದ ಎಂಜಿನ್ನೇ ಇಲ್ಲಿ 180ರ ಹತ್ತಿರ ನಿಲ್ಲುತ್ತದೆ.

ಮೇಸ್ತ್ರಿ ಹೇಳಿದ ಇನ್ನೊಂದು ಮಾತು ನನಗೆ ಜಾಸ್ತಿ ನೋವಾಯಿತು. ಮೊದಲ ಟೆಸ್ಟಿನಲ್ಲೇ ನಾಲ್ಕೂ ನಂಬರ್‌ಗಳ ನಡುವಿನ ವ್ಯತ್ಯಾಸ ಬರೀ 4 ಇತ್ತು. ರಿಂಗ್ ಸವೆದರೆ ನಾಲ್ಕೂ ಅಷ್ಟು ಸಮವಾಗಿ ಸವೆಯುವುದು ಅಪರೂಪ. ನಾಲ್ಕೂ ಒಟ್ಟಿಗೆ ಕಮ್ಮಿ ಬಂದರೆ ಮೊದಲು ಟೆಸ್ಟ್ ಮೇಲೆ, ಆಮೇಲೆ ಕ್ಯಾಮ್ ಟೈಮಿಂಗ್ ಮೇಲೆ ಅನುಮಾನ ಪಡಬೇಕು. ಪಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಒಂದು ಮಾತ್ರ ಬಿದ್ದಿದ್ದರೆ ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ನಂಬರ್ ಚೆನ್ನಾಗಿ ಏರಿದರೆ ರಿಂಗ್, ಇದ್ದಲ್ಲೇ ಇದ್ದರೆ ವಾಲ್ವ್. ಐದು ನಿಮಿಷದ ಕೆಲಸ, ನನ್ನ ಗಾಡಿಗೆ ಅದನ್ನೂ ಮಾಡಿರಲಿಲ್ಲ.

ಎಂಜಿನ್ ಬಿಚ್ಚುವ ಮಾತು ಬಂದರೆ ಲೀಕ್‌ಡೌನ್ ಟೆಸ್ಟ್ ಮಾಡಿಸದೆ ಒಪ್ಪಬೇಡಿ, ಕೈ ಮುಗಿದು ಕೇಳುತ್ತೇನೆ. ಪಿಸ್ಟನ್ ಮೇಲೆ ತಂದು ಎರಡೂ ಕಡೆ ವಾಲ್ವ್ ಮುಚ್ಚಿದಾಗ ಕಂಪ್ರೆಸರ್‌ನಿಂದ ಪ್ಲಗ್ ತೂತಿಗೆ ಗಾಳಿ ಬಿಟ್ಟು, ಎಷ್ಟು ಸೋರುತ್ತದೆ ಅಂತ ಅಳೆಯುವುದು. ವಾಲ್ವ್ ಮುಚ್ಚಿರುವುದರಿಂದ ಯಾವ ಕ್ಯಾಮ್ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಸೋರುವ ಜಾಗ ಕಿವಿಗೇ ಗೊತ್ತಾಗುತ್ತದೆ. ಆಯಿಲ್ ಕ್ಯಾಪ್ ತೆಗೆದಾಗ ಬುಸ್ ಅಂದರೆ ರಿಂಗ್, ಸೈಲೆನ್ಸರಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಗಾಳಿ ಬಿಟ್ಟ ಕೂಡಲೇ ಎಂಜಿನ್ ತಿರುಗಿಬಿಡಬಹುದು, ಕ್ರ್ಯಾಂಕ್ ಮೇಲೆ ಸ್ಪ್ಯಾನರ್ ಬಿಟ್ಟಿರಬೇಡಿ.

ಪಿಕಪ್ ಬೀಳುತ್ತಿದ್ದದ್ದು ಯಾಕೆ ಗೊತ್ತಾ? ಟ್ಯಾಂಕ್ ಒಳಗಿನ ಪೆಟ್ರೋಲ್ ಪಂಪಿನ ಜಾಲರಿ ಕಟ್ಟಿಕೊಂಡಿತ್ತು. ಮೇಸ್ತ್ರಿ ಅದನ್ನು ಬದಲಿಸಿದ ಮೇಲೆ ಘಾಟಿಯನ್ನು ಮೊದಲಿನ ಹಾಗೇ ಏರುತ್ತಿದೆ.

ಗ್ಯಾರೇಜಿಗೆ ಹೋಗಿ ಎರಡೂ ನಂಬರ್ ತೋರಿಸಿದೆ. ಅವರು ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ಗೇಜನ್ನು ನಂಬಿದ್ದರು ಅಂತ ಈಗಲೂ ಅನಿಸುತ್ತದೆ. ದುಡ್ಡು ವಾಪಸ್ ಬರಲಿಲ್ಲ. ತೆಗೆದ ನಾಲ್ಕು ಪಿಸ್ಟನ್ ಮಾತ್ರ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟರು. ಮನೆಯಲ್ಲಿ ತೊಳೆದು ನೋಡಿದೆ, ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗದ ಸುತ್ತುಗೋಡೆ) ಮೇಲೆ ಒಂದು ಗೀರೂ ಇಲ್ಲ. ನನ್ನ ಬ್ಲಾಕಿಗೆ ಇನ್ನು ಅವು ಕೂರುವುದಿಲ್ಲ. ಸ್ಟ್ಯಾಂಡರ್ಡ್ ಬೋರ್ ಇರುವ ಜಿ13ಬಿಬಿ ಕಟ್ಟುತ್ತಿರುವವರು ಹಾಸನದ ಕಡೆ ಇದ್ದರೆ ಹೇಳಿ, ಅಳತೆ ನೋಡಿಕೊಂಡು ಹಾಗೇ ತಗೊಂಡು ಹೋಗಿ.